ನಾಕಾಣಿ ಹಾಲವ್ವ

ಆ ಬೆಸುಗೆ ತನ್ನದೇ ಎಂದು ಧೂಳಪ್ಪನಿಗೆ ಕನ್ನಡಕ ಹಾಕಿಕೊಳ್ಳುವ ಮೊದಲೇ ಗೊತ್ತಾಯಿತು. ಜೋಳದ ಕಾಳಿನಷ್ಟು ದಪ್ಪ, ಮೈಯೆಲ್ಲ ತರಿ ತರಿ, ಕಾವು ಸಾಲದೆ ನಡುವೆ ಬಿಟ್ಟ ಸಣ್ಣ ಬಿರುಕು. ನಲವತ್ತು ವರ್ಷ ಬಾವಿಯ ಮೋಟರುಗಳಿಗೆ ತಂತಿ ಸುತ್ತಿ, ರೇಡಿಯೋ ಮಿಕ್ಸರುಗಳ ಹೊಟ್ಟೆಯಲ್ಲಿ ಕೈಯಾಡಿಸಿ ಪಳಗಿದ ಇವತ್ತಿನ ಅವನ ಕೈ ಅಂಥ ಬೆಸುಗೆ ಹಾಕಲಾರದು. ಅದು ಹದಿನೇಳರ ವಯಸ್ಸಿನ ಕೈ, ಕದ್ದು ಮಾಡಿದ ಕೈ, ಹಿಂದಿನಿಂದ ಯಾರೋ ಬಂದರೆಂದು ಅರ್ಧಕ್ಕೇ ಎಳೆದುಕೊಂಡ ಕೈ. ಯಂತ್ರದಿಂದ ಬಿಚ್ಚಿದ ಸೂಜಿಯ ತೋಳನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಅದರ ಬುಡದಲ್ಲಿ ಒಂದರ ಜಾಗಕ್ಕೆ ಒಂದು ದಾಟಿಕೊಂಡಿದ್ದ ಎರಡು ತಂತಿಗಳನ್ನು ನೋಡುತ್ತ ಕೂತ. ನಾಲ್ಕು ತಂತಿಗಳಿಗೂ ಒಂದು ಕಾಲದಲ್ಲಿ ನಾಲ್ಕು ಬಣ್ಣವಿತ್ತು; ಈಗ ನಾಲ್ಕೂ ಹಳೆಯ ಬೆಲ್ಲದ ಬಣ್ಣಕ್ಕೆ ತಿರುಗಿ, ಉಗುರು ತಾಗಿದರೆ ಪುಡಿಯಾಗುತ್ತಿದ್ದವು. ಯಾವುದು ಯಾವುದರ ಜಾಗದಲ್ಲಿದೆಯೆಂದು ಇನ್ನು ಭೂಮಿಯ ಮೇಲೆ ಯಾವ ಮಿಸ್ತ್ರಿಯೂ ಹೇಳಲಾರ. ಇದನ್ನು ನೆನೆದಾಗ ಅವನಿಗೆ ಸಮಾಧಾನವಾಯಿತು, ಸಮಾಧಾನವಾದದ್ದಕ್ಕೆ ನಾಚಿಕೆಯಾಯಿತು.

ಮಹಾರಾಷ್ಟ್ರದ ಗಡಿಯೂರು ಸೋನ್ಯಾಳದ ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಹದಿನೈದು ದಿನದಿಂದ ಅದರ ಅರ್ಧವನ್ನು ಈ ಜೂಕ್‌ಬಾಕ್ಸ್ ತುಂಬಿಕೊಂಡಿತ್ತು. ಅದಕ್ಕೆ ಆ ಹೆಸರೆಂದು ಅವನಿಗೆ ಗೊತ್ತಾದದ್ದೇ ಮೊನ್ನೆ, ಅದನ್ನು ರಿಪೇರಿಗೆ ತಂದ ಶೈಲಾ ಹೇಳಿದ ಮೇಲೆ. ಅವನು ಹುಡುಗನಾಗಿದ್ದ ಕಾಲದಲ್ಲಿ ಹಾದಿಗುಂಟ ಎಲ್ಲರೂ ಅದನ್ನು ನಾಕಾಣಿ ಬಾಜಾ ಎನ್ನುತ್ತಿದ್ದರು. ಕಿಂಡಿಯಲ್ಲಿ ನಾಕಾಣೆ ಹಾಕಿ ಗುಂಡಿ ಒತ್ತಿದರೆ ಗಾಜಿನೊಳಗೆ ಒಂದು ಕಬ್ಬಿಣದ ಕೈ ಸಾಲಾಗಿ ನಿಂತ ತಬಕಡಿಗಳಲ್ಲಿ, ಅಂದರೆ ಹಾಡಿನ ರೆಕಾರ್ಡುಗಳಲ್ಲಿ, ನಿಮ್ಮ ನಂಬರಿನದನ್ನೇ ಹಿರಿದು ತಿರುಗುವ ತಟ್ಟೆಯ ಮೇಲಿಡುತ್ತಿತ್ತು. ಆಮೇಲೆ ಸೂಜಿ ಹಿಡಿದ ಈ ತೆಳ್ಳನೆಯ ತೋಳು ತಾನಾಗಿ ಬಂದು ತಬಕಡಿಯ ಅಂಚಿಗೆ ಇಳಿಯುತ್ತಿತ್ತು. ಶೈಲಾಳ ಅಜ್ಜ ಸೋಮನಿಂಗಪ್ಪ ಮಿರಜಿನ ಯಾವುದೋ ಮುಚ್ಚಿಹೋದ ಹೋಟೆಲಿನಿಂದ ಅದನ್ನು ಲಾರಿಯಲ್ಲಿ ತಂದು ಕರಜಗಿ ಹಾದಿಯ ತನ್ನ ಚಹಾದಂಗಡಿಯ ನಟ್ಟನಡುವೆ ನಿಲ್ಲಿಸಿದಾಗ ಧೂಳಪ್ಪ ಅಲ್ಲಿ ಕಪ್ಪುಬಸಿ ತೊಳೆಯುತ್ತಿದ್ದ. ‘ಏ ಧೂಳ್ಯಾ’ ಎಂದೇ ಕರೆದು ಸತ್ತ ಆ ಮುದುಕನ ಮೊಮ್ಮಗಳು ಈಗ ಅವನಿಗೆ ಕಾಕಾ ಎನ್ನುತ್ತಾಳೆ, ಮಾತಿಗೊಮ್ಮೆ ‘ರಿ’ ಹಚ್ಚುತ್ತಾಳೆ. ಆ ‘ರಿ’ ಕಿವಿಗೆ ಬಿದ್ದಾಗೆಲ್ಲ ಅವನು ಬೆನ್ನ ಹಿಂದೆ ಇನ್ಯಾರೋ ನಿಂತಿರಬೇಕೆಂದು ಅರೆಕ್ಷಣ ತಿರುಗಬೇಕೆನ್ನುವಂತಾಗುತ್ತದೆ. ಈಗಲೂ ಫೋನು ಎತ್ತಿದಾಗ ಹಾಗೆಯೇ ಆಯಿತು.

“ಕಾಕಾ, ನಾಕ ಗಂಟೆಕ್ಕ ಟೆಂಪೋ ತಗೊಂಡು ಬರ್ತೀನ್ರಿ. ಆಗ್ತದಲ್ಲರಿ?”

“ಆಗ್ತದ ತಂಗಿ.”

“ಹಾಡ್ತದಲ್ಲರಿ ಮತ್ತ? ನಾಳೆ ಖಾನಾವಳಿ ಸುರು. ಹಾಡಲಿಲ್ಲಂದ್ರ ಅದರ ಮ್ಯಾಲ ಉಪ್ಪಿನಕಾಯಿ ಬರಣಿ ಇಡಬೇಕಾಗ್ತದ ನೋಡ್ರಿ.”

“ಹಾಡ್ತದಂತ ಅಂದೆನಲ್ಲ.”

ಅಂಗಡಿಗೂ ಪಡಸಾಲೆಗೂ ನಡುವೆ ಇರುವುದು ಒಂದು ಬಾಗಿಲು, ಅದಕ್ಕೆ ಕದವಿಲ್ಲ. ಆಚೆ ಹೊರಸಿನ ಮೇಲೆ ಅಕ್ಕ ಹಾಲವ್ವ ಗೋಡೆಗೆ ಒರಗಿ ಕೂತಿದ್ದಳು. ಲಕ್ವಾ ಹೊಡೆದು ಹದಿನಾಲ್ಕು ತಿಂಗಳು. ಬಲಗೈ ಮಡಿಲಲ್ಲಿ ಯಾರೋ ಇಟ್ಟು ಮರೆತ ವಸ್ತುವಿನಂತೆ ಬಿದ್ದಿರುತ್ತದೆ; ಮಾತು ಪೂರಾ ಹೋಗಿದೆ. ಏನು ಹೇಳಹೋದರೂ ‘ಆ’ ಎನ್ನುವ ಒಂದೇ ಸದ್ದು, ಅದನ್ನೇ ಏರಿಸಿ ಇಳಿಸಿ ನೀರು ಕೇಳುತ್ತಾಳೆ, ಸಿಟ್ಟಾಗುತ್ತಾಳೆ, ಒಮ್ಮೊಮ್ಮೆ ನಗುತ್ತಾಳೆ. ಕಿವಿ ಮಾತ್ರ ಚುರುಕು. ಹಿತ್ತಲಲ್ಲಿ ಕುರಿಮರಿ ಕೆಮ್ಮಿದರೆ ಮೊದಲು ಅವಳಿಗೆ ಗೊತ್ತು. ಬಾಜಾದ ಸಾಲಿನಲ್ಲಿ ಮೂವತ್ತೊಂದನೆಯ ಮನೆಯಲ್ಲಿ ಅವಳು ಇಪ್ಪತ್ತಾರರ ವಯಸ್ಸಿನಲ್ಲಿ ಹಾಡಿದ ತಬಕಡಿ ಇನ್ನೂ ನಿಂತಿತ್ತು; ಅದನ್ನು ಹೊರಗೆ ತೆಗೆದು ಒರೆಸುವಾಗ ಹೆಂಡತಿ ದುಂಡವ್ವ ನೋಡಿಬಿಟ್ಟಿದ್ದಳು. ‘ಟೆಂಪೋ ಬರೂದ್ರಾಗ ಅಕ್ಕಾರಿಗೆ ಒಮ್ಮೆ ಕೇಳಸ್ರಿ’ ಎಂದಿದ್ದಳು. ಎಷ್ಟು ಸಹಜವಾಗಿ ಎಂದಿದ್ದಳು. ಅಕ್ಕ ತನ್ನ ದನಿ ಆ ತಬಕಡಿಯಲ್ಲಿ ಇಲ್ಲವೇ ಇಲ್ಲವೆಂದು ನಲವತ್ತೈದು ವರ್ಷ ನಂಬಿಕೊಂಡು ಬದುಕಿದ್ದಾಳೆ. ತಂತಿಯನ್ನು ಸರಿಯಾಗಿ ಜೋಡಿಸಿದರೆ ಇವತ್ತು ಆ ದನಿ ಹೊರಗೆ ಬರುತ್ತದೆ. ಬಂದ ಗಳಿಗೆಗೆ, ಇಷ್ಟು ದಿನ ಅದನ್ನು ಮುಚ್ಚಿಟ್ಟವನು ಯಾರೆಂದೂ ಅವಳಿಗೆ ತಿಳಿಯುತ್ತದೆ. ಬಾಜಾದ ಹೊಟ್ಟೆಯೊಳಗೆ ಕೈ ಹಾಕಲು ಬಲ್ಲವನು ಆ ಹೋಟೆಲಿನಲ್ಲಿ ಒಬ್ಬನೇ ಇದ್ದ.

ಆ ತಬಕಡಿಯಲ್ಲಿದ್ದದ್ದು ಅಕ್ಕನ ಗೀಗೀ ಪದದ ಮೇಳ. ದಪ್ಪು ಬಡಿಯುವ ವಿಠೋಬ, ತುಂತುಣಿ ಮಿಡಿಯುವವನು, ಹಿಂದೆ ನಿಂತು ಗೀಗೀ ಎನ್ನುವ ಇಬ್ಬರು, ಮುಂದೆ ಪದ ಎತ್ತುವವಳು ಹಾಲವ್ವ. ಪುಣೆಯಲ್ಲಿ ಗಾಜಿನ ಕೋಣೆಯೊಳಗೆ ನಿಲ್ಲಿಸಿ ಹಾಡಿಸಿದರಂತೆ, ನಡುವೆ ಅವಳನ್ನು, ಎಡಕ್ಕೆ ಬಲಕ್ಕೆ ಉಳಿದವರನ್ನು. ತಬಕಡಿಯ ಮೇಲೆ ದೇವನಾಗರಿಯಲ್ಲಿ ಅಚ್ಚಾಗಿ ಬಂದದ್ದು ‘ವಿಠೋಬ ಮತ್ತು ಸಂಗಡಿಗರು’. ಧೂಳಪ್ಪ ಮರಾಠಿ ಸಾಲಿಯಲ್ಲಿ ನಾಲ್ಕು ಇಯತ್ತೆ ಓದಿದವನು, ಅಕ್ಕನಿಗೆ ಓದಿ ಹೇಳಿದ್ದ. ‘ನಾನೂ ಸಂಗಡದಾಕಿನಽ ಅಲ್ಲೇನು’ ಎಂದು ಅವಳು ನಕ್ಕಿದ್ದಳು. ಪದ ಕಟ್ಟಿದವಳು, ಎತ್ತಿದವಳು, ಊರೂರಿನ ಹೊಲದ ಬದುವಿನ ಮೇಲೆ ನಿಂತು ಗಂಟಲು ಹರಿದುಕೊಂಡವಳು ಅವಳು. ಕಾಗದದ ಮೇಲೆ ಅವಳಿಗೆ ಸಿಕ್ಕದ್ದು ‘ಮತ್ತು’ ಎಂಬ ಎರಡಕ್ಷರದ ಆಚೆಗಿನ ಗುಂಪಿನಲ್ಲಿ ನಿಲ್ಲುವ ಜಾಗ. ಸೋಮನಿಂಗಪ್ಪನ ಹೋಟೆಲಿಗೆ ಹೆಂಗಸರು ಕಾಲಿಡುತ್ತಿರಲಿಲ್ಲ. ಕುರಿ ಕಾಯುವವರು ಬಂದರೆ ಕಂಬಳಿ ಹೊರಗಿಟ್ಟು ಬರಬೇಕು, ವಾಸನೆ ಬರುತ್ತದೆಂದು. ಅದನ್ನು ಹೇಳುವ ಕೆಲಸ ಸೋಮನಿಂಗಪ್ಪ ಅವನಿಗೇ ಹಚ್ಚಿದ್ದ, ಅವನ ಸೋದರಮಾವಂದಿರಿಗೆ, ದೊಡ್ಡಪ್ಪಂದಿರಿಗೆ, ಅವನ ಬಾಯಿಂದಲೇ. ಅವರು ಕಂಬಳಿ ಮಡಚಿ ಕಲ್ಲಿನ ಮೇಲಿಟ್ಟು ಬರಿ ಹೆಗಲಿನಲ್ಲಿ ಒಳಗೆ ಬಂದು, ಕೈ ಎಲ್ಲಿಡಬೇಕೋ ತಿಳಿಯದೆ ಕೂಡುತ್ತಿದ್ದರು. ಅಕ್ಕನ ಕಾಲು ಹೋಗಲಾಗದ ಅಂಥ ಕಡೆಗೆ ಅಕ್ಕನ ದನಿ ಹೋಯಿತು. ದಿನಕ್ಕೆ ಹತ್ತು ಸಲ, ಇಪ್ಪತ್ತು ಸಲ. ಲಾರಿಯವರು, ಕುರಿ ದಲಾಲರು ನಾಣ್ಯ ಹಾಕಿ, ಬೆಂಚಿನ ಮೇಲೆ ಕಾಲು ಮಡಚಿಕೊಂಡು, ಮೀಸೆಯೊಳಗೆ ನಗುತ್ತ ಕೇಳುತ್ತಿದ್ದರು. ಯಾರೋ ಒಬ್ಬ ಹೆಸರಿಟ್ಟ: ನಾಕಾಣಿ ಹಾಲವ್ವ. ‘ನಾಕಾಣಿ ಕೊಟ್ರ ಯಾವಾಗ ಬೇಕಾದ್ರೂ ಬಾಯಿ ಬಿಡ್ತಾಳಪಾ.’ ಅವಳ ತಮ್ಮ ಹಿಂದುಗಡೆ ಬೂದಿ ಹಚ್ಚಿ ಕಪ್ಪು ತಿಕ್ಕುತ್ತಿದ್ದಾನೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಸ್ವಲ್ಪ ಗಟ್ಟಿಯಾಗಿ ಅನ್ನುತ್ತಿದ್ದರು. ಅವನಿಗೆ ಅವರ ಮೇಲೆ ಬರಬೇಕಾದ ಸಿಟ್ಟು ಬರಲಿಲ್ಲ. ಇವತ್ತಿಗೂ ಅದೇ ಮುಳ್ಳು. ಅಕ್ಕನ ಮೇಲೆ ಬಂತು. ಅವಳು ಅಷ್ಟು ಚಲೋ ಹಾಡಿದ್ದಕ್ಕೆ ಬಂತು.

ಮಿರಜಿನಿಂದ ಬಂದ ಮಿಸ್ತ್ರಿಯೊಬ್ಬ ಒಮ್ಮೆ ಬಾಜಾ ಬಿಚ್ಚಿದಾಗ ಧೂಳಪ್ಪ ಬ್ಯಾಟರಿ ಹಿಡಿದು ನಿಂತಿದ್ದ. ಮಿಸ್ತ್ರಿ ಮಾತುಗಾರ. ತೋಳಿನ ಬುಡದ ನಾಲ್ಕು ತಂತಿ ತೋರಿಸಿ, ಎಡಕ್ಕೊಂದು ಜೋಡಿ, ಬಲಕ್ಕೊಂದು ಜೋಡಿ, ಈ ಜೋಡಿಯ ಎರಡನ್ನು ಹೊರಳಿಸಿ ಹಚ್ಚಿದರೆ ಏನಾಗುತ್ತದೆ ನೋಡು ಎಂದು, ಆಟಕ್ಕೆಂದು, ಹೊರಳಿಸಿ ಹಚ್ಚಿ ತೋರಿಸಿದ್ದ. ನಡುವೆ ನಿಂತು ಹಾಡಿದವರ ದನಿ ಎರಡೂ ಕಡೆಯಿಂದ ಬಂದು ಬಾಜಾದ ಒಂದೇ ಸ್ಪೀಕರಿನಲ್ಲಿ ಒಂದನ್ನೊಂದು ನುಂಗಿಕೊಂಡು ಮಾಯ. ಅಕ್ಕಪಕ್ಕದ ವಾದ್ಯ, ಅಕ್ಕಪಕ್ಕದ ಮೇಳ ಮಾತ್ರ ಉಳಿಯಿತು. ಮಿಸ್ತ್ರಿ ನಕ್ಕು ಮೊದಲಿನಂತೆ ಮಾಡಿ ಹೋದ. ಅದಾಗಿ ತಿಂಗಳಿಗೆ, ಮಧ್ಯಾಹ್ನದ ಬಿಸಿಲಿಗೆ ಹೋಟೆಲು ಖಾಲಿಯಾಗಿ ಸೋಮನಿಂಗಪ್ಪ ಗಲ್ಲಾಪೆಟ್ಟಿಗೆಯ ಮೇಲೆಯೇ ತೂಕಡಿಸುವಾಗ, ಧೂಳಪ್ಪ ಒಲೆಯಲ್ಲಿ ಮೊಳೆ ಕಾಸಿಕೊಂಡು ಬಾಜಾದ ಬೆನ್ನು ತೆಗೆದ. ಅಕ್ಕನೊಬ್ಬಳ ಹಾಡು ನಿಂತರೆ ಸಾಕೆಂದಿದ್ದ. ಆದರೆ ತೋಳು ಎಲ್ಲ ತಬಕಡಿಗಳಿಗೂ ಒಂದೇ ಅಲ್ಲವೆ. ಸಿನೆಮಾದ ಹಾಡುಗಳಿಗೂ ದನಿ ಹೋಯಿತು. ಎಷ್ಟೋ ಹಳೆಯವು ಪೂರಾ ಸತ್ತೇ ಹೋದವು. ಬಾಜಾದ ಗಂಟಲು ಬಿದ್ದದ ಎಂದು ಮಂದಿ ಅಂದರು. ಮಿಸ್ತ್ರಿ ಮುಂಬೈಗೆ ಹೋಗಿಬಿಟ್ಟಿದ್ದ. ಸೋಮನಿಂಗಪ್ಪ ಮಾರಿದವನ ಹಿರಿಯರನ್ನೆಲ್ಲ ಬೈದು, ಅದರ ಮೇಲೊಂದು ಚಾದರ ಹೊದಿಸಿದ.

ಚಾದರ ಹೊದಿಸುವ ಮುಂಚೆ, ಒಂದು ಗುರುವಾರ, ಅಕ್ಕ ಹಿತ್ತಲ ಬಾಗಿಲಿಗೆ ಬಂದಳು. ಮುಸುರೆಯ ನೀರು ಹರಿಯುವಲ್ಲಿ, ಸೀರೆ ಎತ್ತಿ ಹಿಡಿದು, ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು. ಸೆರಗಿನ ತುದಿ ಬಿಚ್ಚಿ ನಾಕಾಣೆ ಕೊಟ್ಟಳು. ‘ಎಲ್ಲಾರೂ ಕೇಳ್ಯಾರ, ನಾ ಕೇಳಿಲ್ಲ. ಹಾಕೋ ತಮ್ಮಾ, ಇಲ್ಲೇ ನಿಂತು ಕೇಳ್ತೀನಿ.’ ಅವನು ಹಾಕಿದ. ಬೇರೆ ಏನು ಮಾಡಬಹುದಿತ್ತು, ಈಗಲೂ ತಿಳಿಯುವುದಿಲ್ಲ. ಬಾಜಾ ಕೆಟ್ಟದ ಎಂದಷ್ಟೇ ಹೇಳಬಹುದಿತ್ತು, ಆ ಸುಳ್ಳು ಇನ್ನೂ ಸಣ್ಣದಿತ್ತು. ದಪ್ಪು ಬಂತು, ತುಂತುಣಿ ಬಂತು, ದೂರದ ಬಾವಿಯೊಳಗಿಂದ ಬಂದ ಹಾಗೆ ಗೀಗೀ ಬಂತು. ಅಕ್ಕ ಕಿವಿಯನ್ನು ಬಾಗಿಲ ಸಂದಿಗೆ ಕೊಟ್ಟು ಕಾದಳು. ಪದ ಮುಗಿದು ತೋಳು ಮೇಲೆದ್ದ ಸದ್ದಾಯಿತು. ‘ನಾ ಎಲ್ಲಿದೀನಪಾ ಇದರಾಗ?’ ಎಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ, ಜಾತ್ರೆಯಲ್ಲಿ ಕೈಬಿಟ್ಟ ಕೂಸು ಕೇಳಿದ ಹಾಗಿತ್ತು. ಅವನು ಕಪ್ಪು ತಿಕ್ಕುತ್ತಲೇ, ‘ರೆಕಾರ್ಡಿನ್ಯಾಗಽ ಬಂದಿಲ್ಲ ಅಕ್ಕಾ’ ಎಂದ. ಮರುವರ್ಷ ಪುಣೆಯವರು ಮತ್ತೆ ಕರೆಕಳಿಸಿದಾಗ ಅವಳು ಹೋಗಲಿಲ್ಲ. ‘ಕರಿ ಉಣ್ಣಿಗೆ ಬಣ್ಣ ಹತ್ತಂಗಿಲ್ಲಲ್ಲ, ಹಂಗ ನನ್ನ ದನಿ ತಬಕಡಿಗೆ ಹತ್ತಂಗಿಲ್ಲ’ ಎಂದು ಹಟ್ಟಿಯ ಹೆಂಗಸರಿಗೆ ತಾನೇ ವಿವರಿಸುತ್ತಿದ್ದಳು, ಅದೊಂದು ತನ್ನ ಮೈಯ ಗುಣವೆಂಬಂತೆ. ಅವರೂ ಹೌದೆಂದು ತಲೆಯಾಡಿಸುತ್ತಿದ್ದರು. ಕರಿ ಕುರಿಯ ಉಣ್ಣೆಯನ್ನು ಎಷ್ಟು ದಿನ ಬಣ್ಣದಲ್ಲಿ ಅದ್ದಿದರೂ ಕರಿಯೇ, ಎಲ್ಲರಿಗೂ ಗೊತ್ತಿದ್ದದ್ದೇ.

“ಊಟಕ್ಕ ಏಳ್ತೀರೋ, ಇಲ್ಲ ಅದನ್ನಽ ನೋಡ್ಕೋತ ಕುಂದ್ರತೀರೋ?” ದುಂಡವ್ವ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಉಣ್ಣೆಯ ಎಳೆ ಸುತ್ತಿದ ಕದರು. ನಿಂತರೂ ಕೂತರೂ ಅದು ಅವಳ ಕೈಯಲ್ಲಿ ತಿರುಗುತ್ತಲೇ ಇರುತ್ತದೆ.

“ತಂತಿ ಹೊಗಸೋದಾಗವಲ್ದು” ಎಂದ. ಅದು ನಿಜವೂ ಆಗಿತ್ತು. ಹಳೆಯ ತಂತಿಗೆ ಹೊಸದನ್ನು ಕಟ್ಟಿ ಎಳೆಯಬೇಕೆಂದಿದ್ದ. ಹಳೆಯದು ತೋಳಿನ ಕೊಳವೆಯೊಳಗೇ ತುಂಡಾಗಿತ್ತು. ಹೊಸ ತಂತಿಯೆಂದರೆ ಯಾರೋ ಬಿಸಾಡಿದ ಮೊಬೈಲಿನ ಇಯರ್‌ಫೋನ್ ಸೀಳಿ ತೆಗೆದ ನಾಲ್ಕು ಎಳೆ: ಕೆಂಪು, ಹಸಿರು, ನೀಲಿ, ತಾಮ್ರ. ಕೂದಲಿಗಿಂತ ಮೆತ್ತಗೆ. ಕೊಳವೆಯಲ್ಲಿ ಎರಡು ಬೆರಳು ಹೋಗುವಷ್ಟರಲ್ಲಿ ಮುದುಡಿಕೊಳ್ಳುತ್ತಿದ್ದವು. ದುಂಡವ್ವ ತೋಳನ್ನು ತಿರುವಿ ನೋಡಿದಳು. ಗಟ್ಟಿ ತಂತಿಯೊಂದನ್ನು ಹಾಕಿ ಒಳಗಿನ ಕಸ ನೂಕಿಸಿದಳು. ಕದರಿನಿಂದ ಒಂದು ಮೊಳ ಎಳೆ ಹರಿದು, ಅದರ ತುದಿಯನ್ನು ಬಾಯಲ್ಲಿ ತೇವ ಮಾಡಿ ಕೊಳವೆಯ ಒಂದು ಕಡೆ ಇಟ್ಟು, ಇನ್ನೊಂದು ಕಡೆಗೆ ತುಟಿ ಹಚ್ಚಿ ಮಜ್ಜಿಗೆ ಹೀರಿದ ಹಾಗೆ ಸುರ್ ಎಂದು ಹೀರಿದಳು. ಮೂರನೆಯ ಸಲಕ್ಕೆ ಎಳೆ ಅವಳ ನಾಲಿಗೆಗೆ ಬಂದು ತಾಗಿತು. ಎರಡು ಬೆರಳಲ್ಲಿ ಹಿಡಿದು ಹೊರಗೆ ಎಳೆದು ಅವನ ಮುಂದೆ ಹಿಡಿದಳು.

“ತಗೋರಿ ನಿಮ್ಮ ಇಂಜಿನಿಯರಿಂಗು.”

ಪಡಸಾಲೆಯಿಂದ ಅಕ್ಕ ‘ಆ ಆ’ ಎಂದಳು. ಅದು ನಗು. ದುಂಡವ್ವ ಆ ಕಡೆ ತಿರುಗಿ, “ನೋಡ್ರಿ ಅಕ್ಕಾರ, ನಿಮ್ಮ ತಮ್ಮಗ ಮುಪ್ಪಿನ ಕಾಲಕ್ಕ ಹೆಂತಾ ಹುಡುಗಾಟಿಗಿ” ಎಂದಳು. ನಾಲ್ಕು ತಂತಿಗಳನ್ನೂ ಉಣ್ಣೆಯ ಎಳೆಗೆ ಕಟ್ಟಿ, ಅವನು ಒಂದು ತುದಿಯಿಂದ ಬಿಡುತ್ತ ಅವಳು ಇನ್ನೊಂದು ತುದಿಯಿಂದ ಎಳೆಯುತ್ತ ಹೋದರು. ಎಳೆ ಎಷ್ಟು ಬಿಗಿದರೆ ಹರಿಯುತ್ತದೆಂಬುದು ಅವಳ ಬೆರಳಿಗೆ ಗೊತ್ತು; ಹರಿಯುವುದಕ್ಕೆ ಕೂದಲೆಳೆ ಮುಂಚೆ ನಿಲ್ಲಿಸಿ, ‘ಬಿಡ್ರಿ’ ಎನ್ನುತ್ತಿದ್ದಳು. ಅವಳ ಬಾಗಿದ ತಲೆಯ ಬೈತಲೆ ಅವನ ಮೂಗಿನ ಹತ್ತಿರವಿತ್ತು, ಒಲೆಯ ಹೊಗೆ, ಕುರಿಯ ವಾಸನೆ. ಈ ವಾಸನೆಯನ್ನು ತಾನು ಒಂದು ಕಾಲಕ್ಕೆ ಹೊರಗಿನ ಕಲ್ಲಿನ ಮೇಲೆ ಇಡಿಸುತ್ತಿದ್ದ. ಹೇಳಿಬಿಡಲೇ ಎನಿಸಿತು. ಮೂವತ್ತಾರು ವರ್ಷ ಪಕ್ಕದಲ್ಲಿ ಮಲಗಿದವಳಿಗೆ ಹೇಳದ್ದನ್ನು ಈಗ, ಬಾಯಿ ತೆರೆದರೆ ಸಾಕು. ಅವನು ಬಾಯಿ ತೆರೆದ. “ಸಾಕು, ಬಂತು” ಎಂದ.

ಅವಳು ಒಳಗೆ ಹೋದ ಮೇಲೆ ಬೆಸುಗೆಯ ಕಡ್ಡಿ ಕಾಯಿತು. ತಂತಿಗಳ ತುದಿಯ ಬಣ್ಣ ಸುಟ್ಟು ತಾಮ್ರ ಹೊರಬಂತು. ಇದ್ದಂಗ ಜೋಡಿಸು: ಮೋಟರು ಬಿಚ್ಚುವ ಎಲ್ಲರೂ ಹೇಳುವ ಮೊದಲ ಪಾಠ, ಅವನು ತನ್ನ ಹತ್ತಿರ ಕಲಿತವರಿಗೆಲ್ಲ ಹೇಳಿದ್ದೂ ಅದನ್ನೇ. ಏನು ಹೇಗಿತ್ತೋ ಹಾಗೇ. ನಿನ್ನ ಬುದ್ಧಿ ಓಡಿಸಬೇಡ. ಹಾಗೆಂದುಕೊಳ್ಳುತ್ತ, ಒಳಗೊಳಗೇ ಯಾರಿಗೋ ವಿವರಣೆ ಕೊಡುತ್ತ, ಅವನು ಹಳೆಯ ಬೆಸುಗೆಯಲ್ಲಿದ್ದಂತೆಯೇ ದಾಟಿಸಿ, ಕೆಂಪಿನ ಜಾಗಕ್ಕೆ ಹಸಿರನ್ನೂ ಹಸಿರಿನ ಜಾಗಕ್ಕೆ ಕೆಂಪನ್ನೂ ಹಚ್ಚಿದ. ಈ ಸಲ ಬೆಸುಗೆ ಸಣ್ಣಗೆ, ದುಂಡಗೆ, ಸಾಸಿವೆಯ ಹಾಗೆ ಹೊಳೆಯಿತು. ಶೈಲಾಗೆ ಏನು ಹೇಳುವುದು? ಇದರಾಗ ಇಷ್ಟಽ ಬರ್ತದ ತಂಗಿ, ಹಳೇ ಮಾಲು. ಅವಳು ಬರಣಿ ಇಟ್ಟುಕೊಂಡರೂ ಇಟ್ಟುಕೊಳ್ಳಲಿ. ಇನ್ನೆಷ್ಟು ದಿನದ ಅಕ್ಕ, ಅವಳ ನೆಮ್ಮದಿ ಯಾಕೆ ಕೆಡಿಸಬೇಕು ಎಂದುಕೊಂಡ; ನೆಮ್ಮದಿ ಯಾರದು ಎಂದು ತನ್ನನ್ನು ಕೇಳಿಕೊಳ್ಳುವುದರೊಳಗೆ ಎದ್ದು ತೋಳನ್ನು ಅದರ ಗೂಟಕ್ಕೆ ಕೂಡಿಸಿದ.

ತೋಳು ಕೂಡಿಸುವುದೇ ನಿಜವಾದ ಕೆಲಸ, ಅದರಲ್ಲಿ ಅವನು ಎಲ್ಲವನ್ನೂ ಮರೆತ. ಮೊದಲ ಸಲ ಗುಂಡಿ ಒತ್ತಿದಾಗ ಕಬ್ಬಿಣದ ಕೈ ಸರಿಯಾಗಿಯೇ ತಬಕಡಿ ತಂದಿಟ್ಟಿತು, ಆದರೆ ಸೂಜಿ ಅಂಚಿನಿಂದ ಆಚೆಗೆ ಇಳಿದು ಗಾಳಿಯಲ್ಲಿ ತೂಗಾಡಿತು. ಬುಡದ ತಿರುಪನ್ನು ಕಾಲು ಸುತ್ತು ತಿರುಗಿಸಿದ. ಈಗ ಹಾಡಿನ ನಡುವೆಯೇ ಇಳಿಯಿತು. ಅರ್ಧ ಹಿಂದಕ್ಕೆ, ಅದರ ಅರ್ಧ ಮುಂದಕ್ಕೆ. ಆಮೇಲೆ ಭಾರ. ಸೂಜಿ ಹಗುರಾದರೆ ಗೆರೆ ಬಿಟ್ಟು ಜಾರುತ್ತದೆ, ಭಾರವಾದರೆ ಗೆರೆಯನ್ನೇ ಕೆರೆದು ತಿನ್ನುತ್ತದೆ; ಹಿಂದಿನ ಸಣ್ಣ ಸ್ಪ್ರಿಂಗನ್ನು ಬಿಗಿದು ಸಡಿಲಿಸಿ ಹದ ಹುಡುಕಬೇಕು. ಮಿಸ್ತ್ರಿ ಹೇಳಿದ್ದ, ನೊಣ ಕೂತದ್ದು ಚರ್ಮಕ್ಕೆ ತಿಳಿಯಬೇಕು, ಚರ್ಮ ತಗ್ಗಬಾರದು. ಧೂಳಪ್ಪ ಬೆರಳಿನ ಮೇಲೆ ಸೂಜಿ ಇಳಿಸಿಕೊಂಡ. ಅವನ ಬೆರಳ ತುದಿಗಳು ಕಾದ ಕಡ್ಡಿ ಹಿಡಿದು ಹಿಡಿದು ಜಡ್ಡುಗಟ್ಟಿವೆ, ಏನೂ ತಿಳಿಯಲಿಲ್ಲ. ಮತ್ತೆ ದುಂಡವ್ವನನ್ನೇ ಕರೆದ. ಅವಳು ತೋರುಬೆರಳು ಚಾಚಿ ಕಣ್ಣು ಮುಚ್ಚಿಕೊಂಡಳು.

“ಒಜ್ಜಿ ಆತು.” ಸಡಿಲಿಸಿದ. “ಈಗ ಏನೂ ಇಲ್ಲ.” ಬಿಗಿದ. “ಇನ್ನೊಂದೀಟು ತಗೀರಿ… ಹಾಂ. ಇಟ್ಟಂಗೂ ಅದ, ಇಡದಂಗೂ ಅದ.”

ಮೂವತ್ತೊಂದು ಒತ್ತಿದವಳು ಅವಳೇ. ಅವನು ಬೇರೆ ಯಾವುದಾದರೂ ಮೊದಲು ಹಚ್ಚೋಣ ಎನ್ನುವುದರೊಳಗೆ ಸೀರೆಗೆ ಕೈ ಒರೆಸಿಕೊಂಡು ಒತ್ತಿಬಿಟ್ಟಳು. ತಬಕಡಿ ಎದ್ದು ಬಂತು. ತೋಳು ಇಳಿಯಿತು. ಒಣ ಎಲೆಯ ಮೇಲೆ ನಡೆದ ಸದ್ದು, ಆಮೇಲೆ ವಿಠೋಬನ ದಪ್ಪು. ಸತ್ತು ಹತ್ತು ವರ್ಷವಾದ ವಿಠೋಬನ ಬೆರಳು ಚರ್ಮದ ಮೇಲೆ ಹಾರಿತು. ತುಂತುಣಿ. ಗೀಗೀ ಎನ್ನುವ ಇಬ್ಬರು, ದೂರದಿಂದ. ಆಮೇಲೆ ಪದ ಏಳಬೇಕಾದ ಜಾಗದಲ್ಲಿ ಒಂದು ಹಾಳುಬಿದ್ದ ಬಯಲು.

“ಅಕ್ಕಾರ ಎಲ್ಲೆ?” ಎಂದಳು ದುಂಡವ್ವ.

“ಅದು ಹಂಗಽ ಅದ. ರೆಕಾರ್ಡಿನ್ಯಾಗಽ ಬಂದಿಲ್ಲ.”

ನಲವತ್ತೈದು ವರ್ಷದ ಹಿಂದಿನ ಅದೇ ಮಾತು, ಅದೇ ಶಬ್ದಗಳಲ್ಲಿ, ಬಾಯಿಪಾಠದ ಹಾಗೆ ಹೊರಬಿದ್ದದ್ದು ಅವನಿಗೇ ಕೇಳಿಸಿತು. ದುಂಡವ್ವ ಏನೋ ಹೇಳಲು ತಿರುಗಿದವಳು ಹಾಗೇ ನಿಂತಳು. ಪಡಸಾಲೆಯಲ್ಲಿ ಹೊರಸು ಕಿರುಗುಟ್ಟಿತು. ಅಕ್ಕನ ಎಡಗೈ ಹೊರಸಿನ ಪಟ್ಟಿಯ ಮೇಲೆ ದಪ್ಪಿನ ಸಂಗಡ ಬೀಳುತ್ತಿತ್ತು. ದಪ್ಪು ಸುತ್ತು ಹಾಕಿ ಪದವನ್ನು ಕರೆಯುವ ಜಾಗಕ್ಕೆ ಬಂತು, ಒಂದು ಹೆಜ್ಜೆ ಹಿಂದೆ ಸರಿದು ನಿಂತಿತು. ಅಕ್ಕ ಕತ್ತೆತ್ತಿ, ಆ ಬಯಲೊಳಗೆ ಕಾಲಿಟ್ಟಳು.

‘ಹಿಂಡು ಹೋದ ಹಾದ್ಯಾಗ ಹೆಜ್ಜಿ ಹುಡುಕೇನಿ, ಧೂಳಾಗ ನಂದೊಂದು ಉಳದೀತೇನಂತ ನೋಡೇನಿ.’

ಮಾತುಗಳು. ಒಂದೊಂದೂ ಬಿಡಿಬಿಡಿ, ಅರ್ಧ ಬಾಯಿ ಎಳೆದುಕೊಂಡಿದ್ದರಿಂದ ಕೆಲವು ಅಂಚು ಸವೆದು, ಆದರೆ ಮಾತುಗಳೇ. ನೀರು ಎನ್ನಲಾರದವಳು, ಧೂಳು ಎನ್ನಲಾರದವಳು, ತಮ್ಮಾ ಎನ್ನಲಾರದವಳು ದಪ್ಪು ಬಿಟ್ಟ ಸಂದಿಯಲ್ಲಿ ಸರಿಯಾಗಿ ಎದ್ದು ಸರಿಯಾಗಿ ಇಳಿದಳು. ಮೇಳದವರು ಗೀಗೀ ಎಂದು ಅವಳನ್ನು ಎತ್ತಿಕೊಂಡರು. ದುಂಡವ್ವ ಬಾಯಿಗೆ ಸೆರಗು ಒತ್ತಿ ಹಿಡಿದಿದ್ದಳು. ಹಳೆಯ ಗಂಟಲು, ಸೀಳಿದ ಗಂಟಲು. ಎರಡನೆಯ ನುಡಿಗೆ ಉಸಿರು ಸಾಲದೆ ನಡುವೆ ಕಡಿಯಿತು, ಮತ್ತೆ ಮುಂದಿನ ಸಾಲಿಗೆ ಹಾರಿ ಹಿಡಿದಳು. ತೋಳು ಮೇಲೆದ್ದು ತಬಕಡಿ ತನ್ನ ಮನೆಗೆ ಹೋದ ಮೇಲೂ ಅವಳ ಕೈ ಸ್ವಲ್ಪ ಹೊತ್ತು ತಟ್ಟುತ್ತಲೇ ಇತ್ತು. ಆಮೇಲೆ ಅವಳು ಏನೋ ಹೇಳಲು ಬಾಯಿ ತೆರೆದಳು. ‘ಆ’ ಎಂದಿತು.

ಆ ‘ಆ’ ಕೇಳಿ ಅವನಿಂದ ತಡೆಯಲಾಗಲಿಲ್ಲ. ಅವಳು ಈಗಲೂ ತಬಕಡಿಯಲ್ಲಿ ತಾನ್ಯಾಕಿಲ್ಲವೆಂದು ತನ್ನ ಮೈಗುಣವನ್ನೇ ದೂರುತ್ತಿರಬಹುದು, ಅದೂ ಮಾತಿಲ್ಲದೆ, ಒಳಗೇ. ಅವನು ತೋಳು ಬಿಚ್ಚಿದ. ದುಂಡವ್ವ ‘ಮತ್ಯಾಕ ಬಿಚ್ಚತೀರಿ’ ಎಂದಾಗ ಅವನ ಕೈ ಆಗಲೇ ಕಡ್ಡಿಗೆ ಹೋಗಿತ್ತು. ಕಡ್ಡಿಯ ಕಾವಿಗೆ ಸಾಸಿವೆಯಂಥ ಎರಡು ಬೆಸುಗೆಗಳೂ ಕರಗಿ ಬಿಟ್ಟುಕೊಟ್ಟವು. ಕೆಂಪು ಕೆಂಪಿನ ಕಡೆಗೆ, ಹಸಿರು ಹಸಿರಿನ ಕಡೆಗೆ. ಎರಡು ನಿಮಿಷದ ಕೆಲಸ. ಇಷ್ಟೂ ವರ್ಷ ಎರಡು ನಿಮಿಷದ ಕೆಲಸವಾಗಿಯೇ ಅದು ಚಾದರದಡಿಯಲ್ಲಿ ಕಾದಿತ್ತು. ತೋಳನ್ನು ಮತ್ತೆ ಗೂಟಕ್ಕೆ ಕೂಡಿಸಿ ತಾನೇ ಮೂವತ್ತೊಂದು ಒತ್ತಿದ.

ದಪ್ಪು ಈಗ ಹತ್ತಿರಕ್ಕೆ ಬಂತು, ಕೋಣೆಯೊಳಗೇ. ಅದರ ಹಿಂದೆಯೇ ದನಿ. ಇಪ್ಪತ್ತಾರರ ದನಿ, ಎಲ್ಲೂ ಸೀಳಿರಲಿಲ್ಲ, ಮೇಲಿನ ಸ್ವರಕ್ಕೆ ಹೋಗುವಾಗ ಸ್ವಲ್ಪ ಸೊಕ್ಕಿತ್ತು, ಕೇಳುವವರು ಯಾರಾದರೇನು ಎನ್ನುವ ಸೊಕ್ಕು. ಮನೆಯ ಗಾಳಿಯಲ್ಲಿ ಜಾಗವೇ ಉಳಿಯದ ಹಾಗೆ ತುಂಬಿತು. ನಾಕಾಣೆಗೆ ಸಿಕ್ಕುವ ದನಿಯಾಗಿರಲಿಲ್ಲ ಅದು. ನಾಣ್ಯ ಹಾಕಿದವರಿಗೂ ಅದು ತಿಳಿದಿರಬೇಕು, ತಿಳಿದದ್ದರಿಂದಲೇ ಅಷ್ಟು ಹೊಲಸು ನಗೆ ಬೇಕಾಗಿತ್ತು ಅವರಿಗೆ. ಅವನೊಬ್ಬನಿಗೆ ತಿಳಿದಿರಲಿಲ್ಲ.

ಹಾಲವ್ವನ ಕೈ ನಿಂತಿತ್ತು. ಕಣ್ಣು ಬಾಜಾದ ಗಾಜಿನ ಮೇಲಿತ್ತು. ಅವಳು ಅಳಲಿಲ್ಲ. ಯಾರೋ ಬಲ್ಲವರ ಮನೆಗೆ ಬಂದು, ಬಾಗಿಲಲ್ಲಿ ನಿಂತು, ಒಳಗಿನ ಮಾತು ಮುಗಿಯಲಿ ಎಂದು ಕಾಯುವವಳ ಹಾಗೆ ತುಟಿ ಕೂಡಿಸಿ ಕೇಳಿದಳು, ಕೊನೆಯವರೆಗೂ. ಈ ಸಲ ಪದದ ಒಂದು ಮಾತೂ ಅವಳ ಬಾಯಿಂದ ಏಳಲಿಲ್ಲ. ಪದ ಏಳುವ ಜಾಗದಲ್ಲಿ ಇನ್ನೊಬ್ಬಳು ಆಗಲೇ ನಿಂತಿದ್ದಳು. ಮುಗಿದ ಮೇಲೆ ನಿಧಾನವಾಗಿ ಮುಖ ತಿರುಗಿಸಿ ತಮ್ಮನನ್ನು ನೋಡಿದಳು.

ಅವನು ಹೊರಸಿನ ಹತ್ತಿರ ನೆಲದ ಮೇಲೆ ಕೂತ. ಮೊಣಕಾಲು ಕಟಕಟ ಎಂದಿತು. “ಅವರು ತಗೊಂಡಿದ್ರು ಅಕ್ಕಾ ನಿನ್ನ ದನಿ. ಚಂದಾಗೇ ತಗೊಂಡಿದ್ರು” ಎಂದ. “ನಾನಽ ತಂತಿ ಹೊರಳಿಸಿ ಹಚ್ಚಿದ್ದೆ. ನೀ ಹಿತ್ತಲ ಬಾಗಿಲಿಗೆ ಬರೋಕಿಂತ ಎಂಟು ದಿನ ಮೊದಲ. ಮಂದಿ ಆಡ್ಕೋತಿದ್ರು, ನನಗ ಕೇಳಾಕ ಆಗಲಿಲ್ಲ. ನಿನ್ನ ದನಿ ತಗದಾಂವ ನಾನಽ.” ಅವಳಿಗೆ ತಂತಿಯೆಂದರೆ ತಿಳಿಯುವುದೋ ಇಲ್ಲವೋ ಎಂದು ಎರಡು ಬೆರಳು ಎತ್ತಿ ತೋರಿಸಿದ: ಹಿಂಗ ಇದ್ದವು, ನೆಟ್ಟಗೆ, ಒಂದರ ಪಕ್ಕ ಒಂದು. ಹಿಂಗ ಮಾಡಿದೆ. ಒಂದರ ಮೇಲೊಂದು ದಾಟಿಸಿದ. “ಹಿಂಗ ಮಾಡಿದ್ರ ನಡುವ ಹಾಡೋರು ಹೋಗಿಬಿಡ್ತಾರ. ಈಗ ಸರಿ ಮಾಡೇನಿ.” ಬೆರಳುಗಳನ್ನು ಬಿಡಿಸಿ ನೆಟ್ಟಗೆ ಹಿಡಿದ, ಸಾಲಿಯಲ್ಲಿ ಏನೋ ಅಪ್ಪಣೆ ಕೇಳುವ ಹುಡುಗನ ಹಾಗೆ, ಇಳಿಸಲು ಮರೆತ.

“ನಲವತ್ತೈದು ವರ್ಷ ಇದನ್ನ ಬಾಯಾಗ ಇಟ್ಕೊಂಡು ಕುಂತಿದ್ರಿ?” ದುಂಡವ್ವ ಬಾಗಿಲಿಂದ ಕೇಳಿದಳು, ಬೈದ ಹಾಗೂ ಅಲ್ಲ. “ಉಂಡಿದ್ದು ಹೆಂಗ ಒಳಗ ಹೋತು?”

ಅಕ್ಕ ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಹೊಡೆಯಲಿ ಎಂದುಕೊಂಡ, ಆ ಕೈಯಲ್ಲಿ ಇನ್ನೂ ಬಲವಿದೆ. ಎಡಗೈ ಎದ್ದು ಬಂತು. ಅದು ಅವನ ಕೆನ್ನೆಗೆ ಬರಲಿಲ್ಲ, ತಲೆಯ ಮೇಲೂ ಬರಲಿಲ್ಲ. ಅವನ ತೋರುಬೆರಳನ್ನು ಹಿಡಿಯಿತು; ಬಿಟ್ಟಿತು; ನಡುಬೆರಳನ್ನು ಹಿಡಿದು ತೋರುಬೆರಳಿನ ಮೇಲೆ ದಾಟಿಸಿತು. ಅವನಿಗೆ ತಿಳಿಯಲಿಲ್ಲ. ಬಿಡಿಸಿಕೊಂಡು ಮತ್ತೆ ನೆಟ್ಟಗೆ ಹಿಡಿದು, “ಸರಿ ಮಾಡೇನಿ ಅಕ್ಕಾ, ಈಗ ಸರಿ ಅದ” ಎಂದ. ಅವಳು ‘ಆ’ ಎಂದಳು, ಮಂದಬುದ್ಧಿಯವನ ಮೇಲೆ ಸಿಟ್ಟಾಗುವಾಗಿನ ‘ಆ’. ಮತ್ತೆ ಅವೇ ಎರಡು ಬೆರಳು ಹಿಡಿದು, ಈ ಸಲ ಜೋರಾಗಿ, ಒಂದರ ಮೇಲೊಂದು ದಾಟಿಸಿದಳು. ಬಾಜಾದ ಕಡೆ ಗದ್ದ ಚಾಚಿದಳು. ಆಮೇಲೆ ಅಂಗೈಯನ್ನು ತನ್ನ ಗಂಟಲ ಮೇಲೆ ಇಟ್ಟುಕೊಂಡು ಕಾದಳು.

ಆ ದನಿ ಇಲ್ಲದಾಗಲೇ ಅವಳ ಬಾಯಿಗೆ ಮಾತು ಬಂದಿತ್ತೆಂದು ಆಗ ಹೊಳೆದು, ಧೂಳಪ್ಪ ಎದ್ದ. ಕಣ್ಣು ಮಂಜಾಗಿ ಕೆಂಪು ಹಸಿರು ಎರಡೂ ಒಂದೇ ಆಗಿ ಕಂಡವು. ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿ ಹಾಕಿಕೊಂಡ. ಹೊರಗೆ ಟೆಂಪೋ ಬಂದು ನಿಂತು, ಶೈಲಾ ಇಳಿದು, ಚಪ್ಪಲಿ ಬಿಟ್ಟು ಕಟ್ಟೆ ಹತ್ತಿದಳು.

“ಆತೇನ್ರಿ ಕಾಕಾ?”

ಅವನು ಮತ್ತೆ ತೋಳು ಬಿಚ್ಚಿ ಕೂತಿದ್ದ, ಕಡ್ಡಿಯ ತುದಿಯಿಂದ ಹೊಗೆ ಏಳುತ್ತಿತ್ತು. ದುಂಡವ್ವ ಅಂಗಡಿಯ ಬಾಗಿಲಿಗೆ ಅಡ್ಡ ಬಂದು, ಮಣೆ ಹಾಕಿ, ಸೆರಗಿನಿಂದ ಅದರ ಧೂಳು ಹೊಡೆದಳು.

“ಕುಂದ್ರಿ ತಂಗಿ, ಚಾ ಕುಡೀರಿ. ಇನ್ನೊಂದೀಟು ತಡ ಅದ. ನಮ್ಮ ಅಕ್ಕಾರ ದನಿ ತಗಿಯೋದದ.”